ಕನ್ನಡಿ ಹಾಯಿಗೆ ವಿಭೂತಿ

“ಅಮ್ಮ, ಡಬ್ಬಿ ಮುಚ್ಬೇಡ!”

ಸ್ಫೂರ್ತಿಯ ಕೂಗಿಗೆ ಅಮ್ಮನ ಕೈಯಲ್ಲಿದ್ದ ಟೇಪು ಅರ್ಧಕ್ಕೇ ನಿಂತಿತು. ಪೀಣ್ಯದ ಆ ಪುಟ್ಟ ಶೆಡ್ಡಿನ ಹೊರಗೆ ಕೊರಿಯರ್ ವ್ಯಾನ್ ಕಾಯುತ್ತಿತ್ತು.

ಡಬ್ಬಿಯಲ್ಲಿದ್ದದ್ದು ಉಗುರಗಲದ ಒಂದು ಕನ್ನಡಿ ಹಾಯಿ: ದೋಣಿಯ ಹಾಯಿಯಂಥದ್ದೇ, ಆದರೆ ಕನ್ನಡಿಯಂತೆ ಹೊಳೆಯುವ ತೆಳು ಹಾಳೆ. ಅಮ್ಮ ಎಂಟು ತಿಂಗಳು ಕೂತು ಮಾಡಿದ್ದು. ಮುಂದಿನ ವಾರ ಅದು ವಿಮಾನ ಹತ್ತಬೇಕು. ಆ ವಿಮಾನ ಸರ್ರನೆ ಏರಿ ಇಳಿಯುವಾಗ ಒಳಗಿದ್ದದ್ದೆಲ್ಲ ಇಪ್ಪತ್ತು ಸೆಕೆಂಡು ತೂಕವಿಲ್ಲದೆ ತೇಲುತ್ತದೆ. ಆಗ ಹಾಯಿಯ ಮೇಲೆ ಲೇಸರ್ ಬಿಡುತ್ತಾರೆ. ಬರೀ ಬೆಳಕು ತಳ್ಳಿದ್ದಕ್ಕೆ ಹಾಯಿ ಸರಿದರೆ, ಮುಂದೊಂದು ದಿನ ಇಂಧನವೇ ಇಲ್ಲದ ನೌಕೆ ಮಾಡಬಹುದಂತೆ! ಅಂಥ ವಿಮಾನ ಹಾರುವುದು ವರ್ಷಕ್ಕೆ ಒಂದೇ ಸಲ.

“ಯಾಕೆ ಪುಟ್ಟಿ, ಏನಾಯ್ತು?”

ಮೊನ್ನೆ ಆಯುಧ ಪೂಜೆ. ಲೇತಿಗೆ, ಡ್ರಿಲ್ಲಿಗೆ, ಸ್ಕೂಟರಿಗೆ, ಕೊನೆಗೆ ಕಾಫಿ ಮೆಷೀನಿಗೂ ವಿಭೂತಿ ಹಚ್ಚಿದ್ದಾಯಿತು. ಗಾಜಿನ ಮುಚ್ಚಳದಡಿ ಇದ್ದ ಹಾಯಿಗೆ ಮಾತ್ರ ಇಲ್ಲ. ಅದನ್ನು ಯಾರೂ ಮುಟ್ಟಬಾರದು ಎಂದು ಅಮ್ಮ ಹೇಳಿದ್ದಳು. ಪಾಪ, ಅಷ್ಟು ದೂರ ಹೋಗುವುದಕ್ಕೇ ಪೂಜೆ ಇಲ್ಲವೇ? ಎಲ್ಲರೂ ಬೂದುಗುಂಬಳ ಒಡೆಯಲು ಹೊರಗೆ ಹೋದಾಗ ಸ್ಫೂರ್ತಿ ಮುಚ್ಚಳ ಎತ್ತಿದ್ದಳು.

“ನಾನು ಅದಕ್ಕೆ ವಿಭೂತಿ ಇಟ್ಟೆ ಅಮ್ಮ. ಚೂರೇ ಚೂರು. ಆಮೇಲೆ ಭಯ ಆಗಿ ಫ್ರಾಕಲ್ಲಿ ಒರೆಸ್ಬಿಟ್ಟೆ. ಏನೂ ಕಾಣ್ಸಲ್ಲ, ಕ್ಲೀನಾಗಿದೆ...”

ಅಮ್ಮ ಡಬ್ಬಿ ಬಿಚ್ಚಿ ಭೂತಗನ್ನಡಿ ಹಿಡಿದಳು. ಹಾಯಿಯ ತುಂಬ ಕೂದಲೆಳೆಯಂಥ ಗೀರು. ಗೀರಿನೊಳಗೆ ಬಿಳಿ ಪುಡಿ.

“ಲೇಸರ್ ಬಿದ್ರೆ ಈ ಗೀರಲ್ಲೇ ಸುಟ್ಟೋಗುತ್ತೆ,” ಎಂದಳು ಮೆಲ್ಲಗೆ.

“ಇನ್ನೊಂದು ಇಲ್ವಾ?”

“ಇಲ್ಲ ಕಣೇ.”

ಅಮ್ಮ ವ್ಯಾನನ್ನು ವಾಪಸ್ ಕಳಿಸಿದಳು. ಬಾಗಿಲ ಬಳಿ ನಿಂತು ವಿಮಾನದವರಿಗೆ ಫೋನ್ ಮಾಡಿದಳು. “ಸಾರ್, ಈ ಸಲ ನಮ್ದು ಬರಲ್ಲ. ಹಾಯಿ ಹಾಳಾಗಿದೆ. ನಾನೇ ಬೀರು ಒಳಗೆ ಇಡ್ಬೇಕಿತ್ತು.”

ಸ್ಫೂರ್ತಿಯ ಹೆಸರನ್ನೇ ಎತ್ತಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಸ್ಫೂರ್ತಿ ಲೇತಿನ ಹಿಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಮರುವರ್ಷ ಮತ್ತೆ ಆಯುಧ ಪೂಜೆ ಬಂತು. ಗಾಜಿನಡಿ ಹೊಸ ಹಾಯಿ ಹೊಳೆಯುತ್ತಿತ್ತು. ಈ ಸಲವೂ ಅದು ಬೀರುವಿನಲ್ಲಿರಲಿಲ್ಲ, ಅದೇ ಮೇಜಿನ ಮೇಲಿತ್ತು. ಎಲ್ಲರೂ ಬೂದುಗುಂಬಳದ ಹತ್ತಿರ ಹೋದರು. ಬೆರಳಿಗೆ ವಿಭೂತಿ ಹಚ್ಚಿಕೊಂಡಿದ್ದ ಸ್ಫೂರ್ತಿ ಮೇಜಿನಿಂದ ಮಾರು ದೂರದಲ್ಲೇ ನಿಂತಳು. ಬಾಗಿಲಲ್ಲಿ ಅಮ್ಮ ನೋಡುತ್ತಿದ್ದಳು. ಬೇಡ ಅನ್ನಲಿಲ್ಲ. ಸ್ಫೂರ್ತಿ ತಿರುಗಿ ಅವಳ ಬಳಿ ಬಂದಳು.

“ಅಮ್ಮ, ಸ್ವಲ್ಪ ಬಗ್ಗು.”

ಅಮ್ಮ ಬಗ್ಗಿದಳು. ಸ್ಫೂರ್ತಿ ಅವಳ ಹಣೆಯುದ್ದಕ್ಕೂ ಮೂರು ಬೆರಳಲ್ಲಿ ವಿಭೂತಿ ಎಳೆದಳು. ಆಮೇಲೆ ಕೈ ತೊಳೆಯಲು ನಲ್ಲಿಯ ಕಡೆ ಓಡಿದಳು.