ಟಿಫನ್ ಡಬ್ಬಿಯ ಕಿವಿ

ಪ್ರಸನ್ನನಿಗೆ ಸಿಟ್ಟು ಬಂದದ್ದು ಕಾಫಿಯ ವಿಷಯಕ್ಕಲ್ಲ. ಕಾಗದದ ಲೋಟದಲ್ಲಿ ಕೊಟ್ಟರೆಂದೂ ಅಲ್ಲ, ಅದೂ ಅರ್ಧ ಲೋಟ ಎಂದೂ ಅಲ್ಲ. ತಾನು ತಿಂಗಳುಗಟ್ಟಲೆ ಕೂತು ಕಟ್ಟಿದ ಯಂತ್ರವನ್ನು ಲೇಕ್ ಬ್ರೀಜ್ ವಿಲ್ಲಾಸಿನ ಕಾರ್ಯದರ್ಶಿ ಅನುಸೂಯಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, "ಇದು ಊಟದ ಡಬ್ಬಿ ಅಲ್ವೇನ್ರೀ?" ಎಂದರಲ್ಲ, ಅದಕ್ಕೆ ಬಂದದ್ದು. ಸುತ್ತ ನಿಂತವರು ನಕ್ಕರು. ಅವರಲ್ಲೊಬ್ಬ ನಗುತ್ತಲೇ ಫೋಟೋ ತೆಗೆದ.

ಡಬ್ಬಿ ಊಟದ್ದೇ, ಅದನ್ನು ಅವನು ಅಲ್ಲಗಳೆಯುತ್ತಿರಲಿಲ್ಲ. ಪೀಣ್ಯದ ಮೋಟಾರು ರಿಪೇರಿ ಕಾರ್ಖಾನೆಗೆ ಅದೇ ಡಬ್ಬಿಯಲ್ಲಿ ವರ್ಷಾನುಗಟ್ಟಲೆ ಚಿತ್ರಾನ್ನ ಒಯ್ದಿದ್ದ. ಅಲ್ಲಿ ಅವನ ಕೆಲಸ ಕೇಳುವುದು. ಓಡುವ ಮೋಟಾರಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಗೆ ಕಿವಿಯಿಟ್ಟು, ಯಾವ ಬೇರಿಂಗು ಸವೆದಿದೆ ಎಂದು ಹೇಳುತ್ತಿದ್ದ. ಕಾರ್ಖಾನೆ ಒಂದು ದಿನ ಹೊಸೂರಿಗೆ ಎದ್ದು ಹೋಯಿತು, ಕಿವಿ ಮಾತ್ರ ಬಾಗಲಗುಂಟೆಯ ಅವನ ಮನೆಯಲ್ಲಿ ಉಳಿಯಿತು. ಭಾವಮೈದುನ ತನ್ನ ಸ್ಯಾನಿಟರಿ ಅಂಗಡಿಯಲ್ಲಿ ಕಮೋಡು ಮಾರಲು ಕರೆದ. ಅಲ್ಲಿ ಕೂರುವುದಕ್ಕಿಂತ ನೆಲದೊಳಗಿನ ನೀರು ಕೇಳುವುದು ಮೇಲು ಎಂದು ಪ್ರಸನ್ನ ತೀರ್ಮಾನಿಸಿದ.

ಯಂತ್ರದ ಗುಟ್ಟು ದೊಡ್ಡದೇನಲ್ಲ. ಅಲಾರಂ ಗಡಿಯಾರದೊಳಗೆ ಕಿರುಚುವ ಹಿತ್ತಾಳೆಯ ತೆಳು ಬಿಲ್ಲೆಯೊಂದಿರುತ್ತದೆ. ಅದಕ್ಕೆ ಕರೆಂಟು ಕೊಟ್ಟರೆ ಸದ್ದು ಮಾಡುತ್ತದೆ, ಸದ್ದು ಕೊಟ್ಟರೆ ಕರೆಂಟು ಮಾಡುತ್ತದೆ. ಆ ಬಿಲ್ಲೆಯನ್ನು ಡಬ್ಬಿಯ ತಳಕ್ಕೆ ಅಂಟಿಸಿ, ಮೇಲೆ ಮೇಣ ಹುಯ್ದು, ತಳದ ಹೊರಗೆ ಕಬ್ಬಿಣದ ಸರಳು ಬೆಸೆದ. ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ತಂದ ಪುಟ್ಟ ಆಂಪ್ಲಿಫೈಯರನ್ನು ಒಳಗೆ ಕೂರಿಸಿ ಹೆಡ್‌ಫೋನಿನ ತಂತಿ ಹೊರತಂದ. ಮೊದಮೊದಲು ಪಕ್ಕದ ಮನೆಯ ಮಿಕ್ಸಿ, ಬಸ್ಸು, ತನ್ನದೇ ಹೊಟ್ಟೆಯ ಗುಡುಗುಡು ಎಲ್ಲ ಕೇಳಿಸಿತು. ಮೇಣ ಬದಲಿಸಿ, ಸರಳು ಉದ್ದ ಮಾಡಿ, ಸರಳಿನ ತುದಿಯನ್ನು ನೆಲಕ್ಕೂರಿ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಕೂತು, ಕೊನೆಗೊಮ್ಮೆ ಓಣಿಯ ಪೈಪಿನೊಳಗೆ ನೀರು ಹರಿಯುವ ಗುಂಯ್‌ಗುಡುವಿಕೆಯೂ ತೂತಿನಿಂದ ಸೋರುವ ಸುಯ್ ಎಂಬ ದನಿಯೂ ಬೇರೆಬೇರೆಯಾಗಿ ಕೇಳಿಸಿದವು. ಅವನಿಗೆ ಅವತ್ತು ನಿಜಕ್ಕೂ ಕಣ್ಣಲ್ಲಿ ನೀರು ಬಂತು.

"ಮಣ್ಣೊಳಗಿನ ಪೈಪು ಕೇಳ್ಸುತ್ತೆ, ಅಡುಗೆಮನೆಯಿಂದ ನಾನ್ ಕೂಗಿದ್ ಮಾತ್ರ ಕೇಳ್ಸಲ್ಲ," ಎಂದಳು ಹೆಂಡತಿ ವೇಣಿ. ಅದೂ ಅವನಿಗೆ ಕೇಳಿಸಲಿಲ್ಲ.

ಲೇಕ್ ಬ್ರೀಜ್ ವಿಲ್ಲಾಸ್ ಇರುವುದು ವರ್ತೂರು ಕೆರೆಯ ಪಕ್ಕ. ಕೆರೆಯ ಗಾಳಿಯ ಹೆಸರು ಹೊತ್ತ ಆ ಬಡಾವಣೆಯಲ್ಲಿ, ಗಾಳಿ ಬೀಸಿದರೆ ಎಲ್ಲರೂ ಮೂಗು ಹಿಡಿದು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಅಲ್ಲಿ ನೀರು ಸೋರುತ್ತಿದೆ ಎಂದು ಮೊದಲ ಸಲ ಕರೆದಾಗ ಪ್ರಸನ್ನ ಪ್ರಾಮಾಣಿಕವಾಗಿಯೇ ಹೋಗಿದ್ದ. "ಮೇಡಂ, ಪೈಪಲ್ಲಿ ನೀರು ಓಡ್ತಿದ್ರೇನೇ ನಂಗೆ ಕೇಳ್ಸೋದು. ಮೊದ್ಲು ವಾಲ್ವ್ ಪೂರ್ತಿ ತೆಗ್ಸಿ," ಎಂದು ವಿವರಿಸಿದ್ದ. ಪಂಪು ನೋಡಿಕೊಳ್ಳುವ ನಲ್ಲಪ್ಪ ಉದ್ದನೆಯ ಕಬ್ಬಿಣದ ಕೀಲಿ ತಂದು ವಾಲ್ವ್ ತಿರುಗಿಸಿದ. ಪ್ರಸನ್ನ ಸರಳೂರುತ್ತ ನಡೆದು, ಪಾರ್ಕಿನ ಜಾರುಬಂಡೆಯ ಬುಡದಲ್ಲಿ ನಿಂತು, "ಇಲ್ಲಿ" ಎಂದ. ಆಮೇಲೆ ಊಟದ ಡಬ್ಬಿಯ ಮಾತು, ನಗು, ಅರ್ಧ ಲೋಟ ಕಾಫಿ. "ಕಮಿಟಿಯಲ್ಲಿ ಡಿಸ್ಕಸ್ ಮಾಡಿ ಹೇಳ್ತೀವಿ," ಎಂದರು ಅನುಸೂಯಮ್ಮ. ಅವರು ಬ್ಯಾಂಕಿನ ಮ್ಯಾನೇಜರಾಗಿ ನಿವೃತ್ತರಾದವರು, ಏನೇ ಆಗಲಿ, ಪೋಲಾಗುವುದನ್ನು ಕಂಡರೆ ಅವರಿಗೆ ಆಗದು. ಪ್ರಸನ್ನ ಕಾಫಿ ಮುಗಿಸುವ ಮೊದಲೇ ಅವನ ತಲೆಯ ಮೇಲಿನ ಫ್ಯಾನು ಆರಿಸಿ ಎದ್ದುಹೋದರು.

ಮರುವಾರ ಅವರು ಕರೆಸಿದ್ದು ಒಂದು ಕಂಪನಿಯನ್ನು. ಒಂದೇ ಬಣ್ಣದ ಟೀಶರ್ಟಿನ ಹುಡುಗರು ಸೂಟ್‌ಕೇಸು ಬಿಚ್ಚಿದರು, ಪರದೆ ನೋಡಿದರು, ಜಾರುಬಂಡೆಯ ಬುಡದಲ್ಲಿ ನಿಂತು "ಇಲ್ಲಿ" ಎಂದರು. ಎಲ್ಲರೂ ಸೇರಿ ಗ್ರೂಪ್ ಫೋಟೋ ತೆಗೆಸಿಕೊಂಡರು. ಹಿತ್ತಲ ಗಿಡ ಮದ್ದಲ್ಲ ಎಂಬುದು ಹಳೆಯ ಗಾದೆ. ಅದೇ ಗಿಡ ಸೂಟ್‌ಕೇಸಿನಲ್ಲಿ ಬಂದರೆ ಸಂಜೀವಿನಿ ಎಂದು ಪ್ರಸನ್ನ ಅದಕ್ಕೆ ಬಾಲ ಸೇರಿಸಿದ.

ಸುದ್ದಿಯನ್ನೆಲ್ಲ ಫೋನಿನಲ್ಲಿ ಮುಟ್ಟಿಸುತ್ತಿದ್ದವನು ನಲ್ಲಪ್ಪನೇ. ಅವನು ಇನ್ನೊಂದು ಮಾತನ್ನೂ ಹೇಳಿದ. ಸೋರಿಕೆಯ ಕೆಲಸಕ್ಕೆಲ್ಲ ವರ್ಷಪೂರ್ತಿ ಒಬ್ಬರನ್ನೇ ಗೊತ್ತು ಮಾಡುತ್ತಾರಂತೆ, ಮುಂದಿನ ಸೋರಿಕೆಯನ್ನು ಯಾರು ಹಿಡಿಯುತ್ತಾರೋ ಅವರಿಗೆ ಗುತ್ತಿಗೆಯಂತೆ. ಲೇಕ್ ಬ್ರೀಜ್ ಒಪ್ಪಿದರೆ ಸುತ್ತಲಿನ ಬಡಾವಣೆಗಳೆಲ್ಲ ಹಿಂದೆಯೇ ಬರುತ್ತವೆ. ಬಾರದಿದ್ದರೆ ಕಮೋಡು. ಪ್ರಸನ್ನ ಮುಂದಿನ ಸೋರಿಕೆಗಾಗಿ ಕಾದ. ಪೈಪುಗಳು ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿದ್ದವು. ಅತ್ತ ಭಾವಮೈದುನ ಅಂಗಡಿಯಲ್ಲಿ ಒಂದು ಸ್ಟೂಲು ಖಾಲಿ ಇಟ್ಟುಕೊಂಡು ಕಾಯುತ್ತಿದ್ದ.

ಹೀಗೆ ಕಾಯುತ್ತ ಕೂತಾಗಲೇ ಅವನಿಗೆ ಆ ಯೋಚನೆ ಹೊಳೆದದ್ದು. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದೆಂದು ಹಿರಿಯರು ಬೈದು ಹೇಳಿದ್ದಾರೆ. ಪ್ರಸನ್ನನಿಗೆ ಅದು ಬೈಗುಳವಾಗಿ ಅಲ್ಲ, ಕೆಲಸದ ವಿಧಾನವಾಗಿ ಕೇಳಿಸಿತು.

ಜಾಗ ಆರಿಸುವುದರಲ್ಲಿ ಅವನು ತನ್ನ ಬುದ್ಧಿಗೆ ತಾನೇ ತಲೆದೂಗಿದ. ಕ್ಲಬ್ ಹೌಸಿನ ಹಿಂದೆ ಪೈಪು ತಿರುಗುವ ಮೂಲೆ. ಒಂದು ಕಡೆ ಜನರೇಟರು, ಇನ್ನೊಂದು ಕಡೆ ಜಿಮ್ಮಿನಲ್ಲಿ ಐಟಿಯವರು ಎಲ್ಲಿಗೂ ಹೋಗದೆ ಓಡುವ ಟ್ರೆಡ್‌ಮಿಲ್ಲು. ಆ ಅದುರಾಟದಲ್ಲಿ ಸೂಟ್‌ಕೇಸಿನ ಯಂತ್ರಕ್ಕೆ ತಲೆ ಕೆಡುವುದು ಖಂಡಿತ. ನೆಲಕ್ಕೆ ಹಾಸಿದ್ದು ಇಂಟರ್‌ಲಾಕ್ ಕಲ್ಲು. ಎಬ್ಬಿಸಿ ಮತ್ತೆ ಕೂರಿಸಿದರೆ ಹೆತ್ತ ತಾಯಿಗೂ ಗೊತ್ತಾಗದು. ಕೆಳಗಿರುವುದು ಕೆರೆಯಂಚಿಗೆ ತಂದು ಸುರಿದ ಕಟ್ಟಡದ ಮಣ್ಣು. ಎಷ್ಟು ನೀರು ಬಿದ್ದರೂ ಇಂಗಿಸಿಕೊಳ್ಳುತ್ತದೆ, ಮೇಲೆ ಒಂದು ಹನಿಯೂ ಕಾಣದು.

ಒಳಗೆ ಹೋಗುವ ದಾರಿ ಇನ್ನೂ ಸುಲಭ. ಆ ಗೇಟಿನಲ್ಲಿ ಹೆತ್ತ ಮಗಳನ್ನು ನೋಡಲು ಬಂದ ಅಜ್ಜಿಯನ್ನೂ ಫೋನ್ ನಂಬರು, ಫೋಟೋ, ಓಟಿಪಿ ಕೇಳಿ ಬಿಸಿಲಲ್ಲಿ ನಿಲ್ಲಿಸುತ್ತಾರೆ. ಹೆಗಲ ಮೇಲೆ ಏಣಿ ಹೊತ್ತು ಬಂದವನನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ಪ್ರಸನ್ನ ಹಳದಿ ಹೆಲ್ಮೆಟ್ಟು, ಮುಖಕ್ಕೆ ಮಾಸ್ಕು, ಕೊರಳಿಗೆ ಟವೆಲ್ಲು, ಹೆಗಲಿಗೆ ಏಣಿ ಹಾಕಿಕೊಂಡು ಊಟದ ಹೊತ್ತಿನಲ್ಲಿ ಹೋದ. ಸೆಕ್ಯೂರಿಟಿಯವನು ಗೇಟು ಅಗಲವಾಗಿ ತೆಗೆದು, "ಹುಷಾರಣ್ಣ, ಮೇಲೆ ವೈರಿದೆ," ಎಂದ.

ನಾಲ್ಕು ಕಲ್ಲು ಎಬ್ಬಿಸಿ, ಮಣ್ಣು ತೋಡಿ, ಕೈ ಡ್ರಿಲ್ಲಿನಿಂದ ಪೈಪಿಗೊಂದು ಸಣ್ಣ, ದುಂಡನೆಯ ತೂತು ಕೊರೆದ. ನೀರು ಮುಖಕ್ಕೆ ಚಿಮ್ಮಿತು. ಅದನ್ನೂ ಮೊದಲೇ ಯೋಚಿಸಿ ಟವೆಲ್ಲು ತಂದಿದ್ದ. ಮಣ್ಣು ಮುಚ್ಚಿ, ಕಲ್ಲು ಕೂರಿಸಿ, ಸರಳೂರಿ ಕೇಳಿದ. ಸುಯ್ ಎಂಬ ದನಿ ತಂತಿ ಮೀಟಿದಷ್ಟು ಸ್ಪಷ್ಟ. ಅಷ್ಟು ಚೆಂದದ ಸೋರಿಕೆಯನ್ನು ಅವನು ಎಲ್ಲೂ ಕೇಳಿರಲಿಲ್ಲ. ನೆನಪಿಗಿರಲಿ ಎಂದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ.

ಮುಂದಿನದೆಲ್ಲ ಅವನು ಎಣಿಸಿದಂತೆಯೇ ನಡೆಯಿತು, ಒಂದು ಕೈ ಹೆಚ್ಚೇ ನಡೆಯಿತು. ತುಂಬಿದ ಟ್ಯಾಂಕು ಹೊತ್ತು ಮುಳುಗುವಷ್ಟರಲ್ಲಿ ಬರಿದಾಗತೊಡಗಿತು. ಕಂಪನಿಯ ಹುಡುಗರು ಸೂಟ್‌ಕೇಸಿನೊಂದಿಗೆ ಓಡಿಬಂದು, ಟ್ರೆಡ್‌ಮಿಲ್ಲಿನ ಸದ್ದನ್ನೇ ಸೋರಿಕೆ ಎಂದು ನಂಬಿ, ಜಿಮ್ಮಿನ ಬಾಗಿಲಲ್ಲಿ ಅಗೆದು ಇಂಟರ್ನೆಟ್ಟಿನ ಕೇಬಲು ಕತ್ತರಿಸಿದರು. ನೀರು ಹೋದಾಗ ಸುಮ್ಮನಿದ್ದ ಜನ ಆಗ ಬೀದಿಗೆ ಬಂದರು. ಸೂಟ್‌ಕೇಸು ಗೇಟು ದಾಟಿ ಹೋಯಿತು.

ಅವತ್ತೇ ಅನುಸೂಯಮ್ಮನ ಫೋನು ಬಂತು. "ಪ್ರಸನ್ನ ಅವರೇ, ನಿಮ್ಮ ಆ ಯಂತ್ರ ತಗೊಂಡು ಒಂದ್ಸಲ ಬರ್ತೀರಾ? ನೀವು ಹಿಡಿದುಕೊಟ್ರೆ ಅಲ್ಲೇ ಕಾಂಟ್ರಾಕ್ಟಿಗೆ ಸೈನ್ ಮಾಡ್ತೀನಿ."

ಡಬ್ಬಿ ಹೋಗಿ ಯಂತ್ರವಾಗಿತ್ತು. ಆ ಮಾತಿನ ರುಚಿ ಬಾಯಲ್ಲಿ ಉಳಿಯಲಿ ಎಂದು ಅವನು ತಕ್ಷಣ ಒಪ್ಪಲಿಲ್ಲ. "ತುಂಬಾ ಬ್ಯುಸಿ ಇದೀನಿ ಮೇಡಂ. ಭಾನುವಾರ ನೋಡಣ," ಎಂದ. ಭಾನುವಾರ ಎಲ್ಲರೂ ಮನೆಯಲ್ಲಿರುತ್ತಾರೆ. ನಕ್ಕವರೆಲ್ಲ ಎದುರಿಗಿರಬೇಕಿತ್ತು.

ಹೆಡ್‌ಫೋನು ಒಬ್ಬನ ಕಿವಿಗೆ ಮಾತ್ರ. ನೋಡಲು ಬಂದ ಜನಕ್ಕೆ ಏನಾದರೂ ಕೇಳಿಸಬೇಡವೇ? ಪ್ರಸನ್ನ ಒಂದು ಬ್ಲೂಟೂತ್ ಸ್ಪೀಕರು ಕೊಂಡ. ಜಾಗ ಗೊತ್ತಿದೆ, ದನಿ ಮೊಬೈಲಿನಲ್ಲಿದೆ. ಯಂತ್ರಕ್ಕೆ ಬ್ಯಾಟರಿ ಹಾಕುವುದನ್ನೂ ಅವನು ಬಿಟ್ಟ.

ಹೊರಡುವಾಗ ವೇಣಿ, "ಅಲ್ಲಿ ಹೋಗಿ ನಾಕ್ ಜನ ಏನ್ ಹೇಳ್ತಾರೆ ಸ್ವಲ್ಪ ಕೇಳಿಸ್ಕೋ, ಎಲ್ಲಾ ಗೊತ್ತು ಅಂತ ನುಗ್ಬೇಡ," ಎಂದಳು. ಅವನು ಸ್ಕೂಟರು ಸ್ಟಾರ್ಟ್ ಮಾಡುತ್ತಿದ್ದ.

ಲೇಕ್ ಬ್ರೀಜಿನ ಗೇಟಿನಲ್ಲಿ ಟ್ಯಾಂಕರು ನಿಂತಿತ್ತು. ಚಡ್ಡಿ ಹಾಕಿದ ಮ್ಯಾನೇಜರುಗಳು ಬಕೆಟ್ಟು ಹಿಡಿದು ಸಾಲಾಗಿ ನಿಂತಿದ್ದರು. ಒಬ್ಬಾತ ಮಗುವಿಗೆ ಸ್ನಾನ ಮಾಡಿಸುವ ಬಾತುಕೋಳಿ ತೊಟ್ಟಿಯನ್ನೇ ತಂದಿದ್ದ. ತನ್ನ ಪುಟ್ಟ ತೂತು ಇಷ್ಟು ಜನಕ್ಕೆ ಬಕೆಟ್ಟು ಹಿಡಿಸಿತಲ್ಲ ಎಂದು ಪ್ರಸನ್ನನ ಎದೆ ಉಬ್ಬಿತು. ಸ್ಕೂಟರಿಗೆ ದಾರಿ ಬಿಡಲು ಮ್ಯಾನೇಜರುಗಳು ಬಕೆಟ್ಟು ಸರಿಸಿದರು.

ಕ್ಲಬ್ ಹೌಸಿನ ಮುಂದೆ ಅನುಸೂಯಮ್ಮ ಕಾಗದ ಪೆನ್ನು ಹಿಡಿದೇ ಕಾಯುತ್ತಿದ್ದರು. ಪಕ್ಕದಲ್ಲಿ ನಲ್ಲಪ್ಪ ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲಿಗೊರಗಿಸಿಕೊಂಡು ನಿಂತಿದ್ದ. "ಸಾ, ಅಮ್ಮಾವ್ರು ನಿಮ್ಮನ್ನ ಒಂದ್ ಮಾತು ಕೇಳ್ಕಂಡು..." ಎಂದು ಶುರುಮಾಡಿದ.

ಪ್ರಸನ್ನ ತುಟಿಯ ಮೇಲೆ ಬೆರಳಿಟ್ಟ. "ಆಮೇಲೆ ನಲ್ಲಪ್ಪ. ಯಾರೂ ಮಾತಾಡ್ಬೇಡಿ. ನಂಗೀಗ ಕಿವಿ ಬೇಕು."

ಎಲ್ಲರೂ ಬಾಯಿ ಮುಚ್ಚಿದರು. ಅವನು ಹೆಡ್‌ಫೋನು ಏರಿಸಿ, ಕಣ್ಣು ಅರೆ ಮುಚ್ಚಿ, ಸರಳೂರುತ್ತ ಹೊರಟ. ಪಾರ್ಕಿನಲ್ಲಿ ನಿಂತು ತಲೆ ಅಡ್ಡಡ್ಡ ಆಡಿಸಿದ. ಜಿಮ್ಮಿನ ಬಾಗಿಲಲ್ಲಿ ಕಂಪನಿಯವರ ಗುಂಡಿಯನ್ನು ನೋಡಿ ಮರುಕದಿಂದ ಮುಗುಳ್ನಕ್ಕ. ಎಲ್ಲೆಲ್ಲೋ ಸುತ್ತಿ, ಸಾಕಷ್ಟು ಬೆವರಿ, ಕ್ಲಬ್ ಹೌಸಿನ ಹಿಂದಿನ ಮೂಲೆಗೆ ಬಂದು ಗಕ್ಕನೆ ನಿಂತ. ಜೇಬಿಗೆ ಕೈಹಾಕಿ ಮೊಬೈಲು ಒತ್ತಿದ.

ಡಬ್ಬಿಯ ಮೇಲೆ ಕೂರಿಸಿದ್ದ ಸ್ಪೀಕರಿನಿಂದ ಸುಯ್ ಎಂಬ ದನಿ ಹೊಮ್ಮಿತು.

ಬಕೆಟ್ಟು ಹಿಡಿದೇ ಹಿಂಬಾಲಿಸಿದ್ದ ಗುಂಪಿನಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. "ಸಕ್ಕತ್ತಾಗಿದೆ ಗುರು, ಎಷ್ಟ್ ಕ್ಲಿಯರ್ರಾಗಿದೆ," ಎಂದ ಹಿಂದೊಮ್ಮೆ ಫೋಟೋ ತೆಗೆದು ನಕ್ಕಿದ್ದವನು. ಬಾತುಕೋಳಿ ತೊಟ್ಟಿಯವನು ಕಿವಿಗೊಟ್ಟು, "ಪ್ರೆಶರ್ ತುಂಬಾ ಇದೆ ಅನ್ಸುತ್ತೆ," ಎಂದು ತಜ್ಞನ ಹಾಗೆ ಹೇಳಿದ. ಅನುಸೂಯಮ್ಮ ಮಾತ್ರ ಒಮ್ಮೆ ಸ್ಪೀಕರನ್ನೂ ಒಮ್ಮೆ ನಲ್ಲಪ್ಪನನ್ನೂ ನೋಡಿದರು. ಅದು ಬೆರಗು ಎಂದು ಪ್ರಸನ್ನ ತಿಳಿದ. ಈ ಕ್ಷಣಕ್ಕಾಗಿ ಅವನು ಇನ್ನೂ ಹತ್ತು ತೂತು ಕೊರೆಯಬಲ್ಲವನಾಗಿದ್ದ.

"ಅಗೀರಿ," ಎಂದ.

ನಲ್ಲಪ್ಪ ಕೀಲಿ ಕೆಳಗಿಟ್ಟು ಹಾರೆ ಹಿಡಿದ. ಕಲ್ಲು ಎದ್ದವು, ಮಣ್ಣು ಬಂತು, ಪೈಪಿನ ಬೆನ್ನು ಕಂಡಿತು. ಪ್ರಸನ್ನ ಎರಡೂ ಕೈ ಚಾಚಿ ಜನರನ್ನು ಹಿಂದಕ್ಕೆ ಸರಿಸಿದ. "ದೂರ ನಿಂತ್ಕೊಳಿ, ಮುಖಕ್ಕೆ ಚಿಮ್ಮುತ್ತೆ." ತಾನೂ ಎರಡು ಹೆಜ್ಜೆ ಹಿಂದೆ ಸರಿದು, ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡ. ನಲ್ಲಪ್ಪ ಕೊನೆಯ ಹಿಡಿ ಮಣ್ಣನ್ನು ಬೆರಳಿನಿಂದ ಸವರಿ ತೆಗೆದ. ತೂತು ಕಂಡಿತು. ಸಣ್ಣದು, ದುಂಡಗಿನದು, ಡ್ರಿಲ್ಲಿನಿಂದ ಕೊರೆದಷ್ಟು ಅಚ್ಚುಕಟ್ಟಾದದ್ದು.

ಏನೂ ಚಿಮ್ಮಲಿಲ್ಲ. ಒಂದು ಹನಿಯೂ ತೊಟ್ಟಿಕ್ಕಲಿಲ್ಲ. ಒಣಗಿದ ಪೈಪಿನ ಮೇಲೆ ಒಣಗಿದ ತೂತು ಸುಮ್ಮನೆ ಮೇಲೆ ನೋಡುತ್ತಿತ್ತು. ಸ್ಪೀಕರು ಮಾತ್ರ ಸುಯ್ ಎನ್ನುತ್ತಲೇ ಇತ್ತು. ಅನುಸೂಯಮ್ಮ ಗುಂಡಿಯೊಳಗೆ ಬಗ್ಗಿ ನೋಡಿ, ಪೆನ್ನಿಗೆ ಮುಚ್ಚಳ ಹಾಕಿದರು. "ನೀವು ಭಾನುವಾರ ಬರ್ತೀನಿ ಅಂದ್ರಲ್ಲ, ಅಲ್ಲಿವರೆಗೂ ನೀರು ಯಾಕೆ ಪೋಲಾಗ್ಬೇಕು ಅಂತ ಅವತ್ತೇ ವಾಲ್ವ್ ಮುಚ್ಚಿಸ್ಬಿಟ್ಟೆ ಪ್ರಸನ್ನ ಅವರೇ. ನೀರು ಓಡ್ದೆ ಇದ್ರೆ ಏನೂ ಕೇಳ್ಸಲ್ಲ ಅಂತ ನೀವೇ ಹೇಳಿದ್ರಿ, ಅದಕ್ಕೇ ನೀವು ಬಂದ್ ತಕ್ಷಣ ಕೇಳ್ಕೊಂಡು ತೆಗಿ ಅಂತ ನಲ್ಲಪ್ಪನ ಕೈಗೆ ಕೀಲಿ ಕೊಟ್ಟು ನಿಲ್ಲಿಸಿದ್ದೆ." ಗುಂಪು ಒಂದೊಂದಾಗಿ ಬಕೆಟ್ಟು ಕೆಳಗಿಟ್ಟಿತು. ಗುಂಪಿನ ಹಿಂದೆ ಬಂದು ನಿಂತಿದ್ದ ಗೇಟಿನ ಸೆಕ್ಯೂರಿಟಿಯವನು ಪ್ರಸನ್ನನ ಕೈಯಲ್ಲಿದ್ದ ಟವೆಲ್ಲನ್ನೂ ಅವನ ಕಣ್ಣನ್ನೂ ನೋಡಿ, ಏನನ್ನೋ ನೆನಪಿಸಿಕೊಳ್ಳುವವನಂತೆ ಹುಬ್ಬು ಗಂಟಿಕ್ಕಿದ. ಅನುಸೂಯಮ್ಮ ಕೈ ಚಾಚಿ, ಅಭ್ಯಾಸಬಲದಿಂದ, ಸ್ಪೀಕರಿನ ಸ್ವಿಚ್ಚು ಆರಿಸಿದರು.