ಅರ್ಧಕ್ಕೆ ನಿಂತ ತಂತಿ

ಟ್ಯಾಮ್ಸಿನ್‌ಗೆ ಚಿಪ್ಪುಮೀನಿನ ಪೈ ಅಂದರೆ ಆಗುತ್ತಿರಲಿಲ್ಲ. ಆದರೂ ಹೋಬಾರ್ಟ್ ಬಂದರಿನ ಪಕ್ಕದ ಆ ವರ್ಕ್‌ಶಾಪಿಗೆ ಸೇರಿದ ಮೊದಲ ವಾರದಿಂದ ಮಧ್ಯಾಹ್ನ ಅದನ್ನೇ ತಿನ್ನುತ್ತಿದ್ದಳು. ಆ ವಾರ ಬೇಕರಿಯ ಕಿಟಕಿಯ ಮುಂದೆ ನಿಂತು ಅಣಬೆಯ ಪೈ ಕೇಳಲು ಅವಳು ಒದ್ದಾಡುತ್ತಿದ್ದಾಗ, ಹಿಂದಿದ್ದ ಸಹೋದ್ಯೋಗಿ ಲೀತ್ "ಚಿಪ್ಪುಮೀನಿಂದು ತಾನೆ? ಎರಡು ಕೊಡಿ, ನಂಗೂ ಅದೇ" ಎಂದುಬಿಟ್ಟಿದ್ದ. ಅವಳು ತಲೆಯಾಡಿಸಿದ್ದಳು.

ಅವಳಿಗೆ ಮಾತು ತೊದಲುತ್ತಿತ್ತು. ಚಿಕ್ಕಂದಿನಿಂದಲೂ ಜನ ಅವಳ ಮಾತನ್ನು ತಾವೇ ಮುಗಿಸಿಕೊಡುತ್ತ ಬಂದಿದ್ದರು, ಪಾಪ, ಒಳ್ಳೆಯ ಮನಸ್ಸಿನಿಂದಲೇ. ಅವರು ತಪ್ಪಾಗಿ ಮುಗಿಸಿದರೂ ತಲೆಯಾಡಿಸಿ ಸುಮ್ಮನಾಗುವುದು ಅವಳಿಗೆ ರೂಢಿಯಾಗಿತ್ತು. ತಿದ್ದಬೇಕೆಂದರೆ ಮತ್ತೆ ಮೊದಲಿಂದ ಶುರು ಮಾಡಬೇಕಲ್ಲ, ಯಾರಿಗೆ ಬೇಕು ಆ ಗೋಳು.

ಹಾಗೆ ತಲೆಯಾಡಿಸಿಯೇ ಅವಳು ಲೀತ್‌ನನ್ನೂ ಕಳೆದುಕೊಂಡಿದ್ದಳು.

ಅದು ನಡೆದದ್ದು ಜನವರಿಯಲ್ಲಿ. ದಕ್ಷಿಣದ ದ್ವೀಪದ ಸಂಶೋಧನಾ ಠಾಣೆಯಲ್ಲಿ ಒಂದು ವರ್ಷದ ಕೆಲಸಕ್ಕೆ ಲೀತ್‌ಗೆ ಕರೆ ಬಂದಿತ್ತು. ಬಂದರಿನ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಅವನು ಕೇಳಿದ್ದ, "ಹೇಳು ಟ್ಯಾಮ್. ಹೋಗ್ಲಾ, ಬೇಡ್ವಾ?"

"ನೀನು ಹೋದ್ರೆ ನಂಗೆ…" ಎಂದಳು. ಮುಂದಿನದು ಗಂಟಲಲ್ಲೇ ಸಿಕ್ಕಿಕೊಂಡಿತು.

"ನಿಂಗೇನೂ ಕಷ್ಟ ಆಗಲ್ಲ, ಒಬ್ಳೇ ನೋಡ್ಕೋತೀಯ. ಅಷ್ಟೇ ತಾನೆ?" ಎಂದು ಅವನೇ ಮುಗಿಸಿದ.

ಅವಳು ತಲೆಯಾಡಿಸಿದಳು. ಅವನು ನಕ್ಕ. ಆದರೆ ಆ ನಗು ಬರುವುದಕ್ಕೆ ಮೊದಲು ಅವನ ಮುಖದಲ್ಲಿ ಇನ್ನೇನೋ ಸುಳಿದು ಹೋಯಿತು. ಅಂದೇ ಸಂಜೆ ಅವನು ಒಪ್ಪಿಗೆ ಕಳಿಸಿದ.

ಈಗ ಏಪ್ರಿಲ್. ಊರ ಹಿಂದಿನ ಬೆಟ್ಟ ಮೋಡದೊಳಗೆ ಹೋಗಿ ಕೂತು ಹೊರಗೆ ಬರುವ ಯೋಚನೆಯೇ ಇಲ್ಲದಂತಿತ್ತು. ಶುಕ್ರವಾರ ಬೆಳಿಗ್ಗೆ ಹಡಗು. ಆ ಹಡಗಿನಲ್ಲಿ ಲೀತ್ ಹೋಗಬೇಕು. ಅವನೂ ಟ್ಯಾಮ್ಸಿನ್ನೂ ಸೇರಿ ಕಟ್ಟಿದ ಹಳದಿ ತೇಲುಬುರುಡೆಯೂ ಹೋಗಬೇಕು. ದಾರಿಯಲ್ಲಿ ಅದನ್ನು ನೀರಿಗಿಳಿಸಿದರೆ ವರ್ಷಪೂರ್ತಿ ಸಮುದ್ರದ ಉಪ್ಪು, ಚಳಿ ಅಳೆದು ಸುದ್ದಿ ಕಳಿಸುತ್ತಿರುತ್ತದೆ. ಕಳಿಸಬೇಕು, ಅಷ್ಟೇ. ಸದ್ಯಕ್ಕಂತೂ ಅದು ದಿನಕ್ಕೊಮ್ಮೆ ಬಾಯಿ ಮುಚ್ಚಿಕೊಂಡು ಕೂರುತ್ತಿತ್ತು.

"ಮೂಕ ಬುರುಡೆಯನ್ನ ನಾನು ಹಡಗಿಗೆ ಹತ್ತಿಸಲ್ಲ," ಎಂದು ವರ್ಕ್‌ಶಾಪಿನ ಒಡತಿ ಗ್ಲೆನಿಸ್ ಬುಧವಾರ ಬೆಳಿಗ್ಗೆ ಹೇಳಿದಳು. "ಸರಿಯಾದ್ರೆ ಸರಿ. ಇಲ್ಲಾಂದ್ರೆ ಲೀತ್ ಒಬ್ನೇ ಹೋಗ್ತಾನೆ." ಟೀ ಲೋಟ ಎತ್ತಿಕೊಂಡು ತನ್ನ ಕೋಣೆಗೆ ಹೋದಳು.

ಲೀತ್ ಹೇಗಿದ್ದರೂ ಹೋಗುತ್ತಾನೆ. ಟ್ಯಾಮ್ಸಿನ್‌ಗೆ ಕೇಳಿಸಿದ್ದು ಅದೊಂದೇ.

"ಏನ್ ಮೇಡಮ್, ನಿಮ್ಮ ಕೋಡ್ ಮತ್ತೆ ಮಲಗ್ಬಿಡ್ತಾ?" ಲೀತ್ ಬೆಂಚಿನ ಆಚೆಯಿಂದ ಕೆಣಕಿದ. ಹಣೆಯ ಮೇಲೆ ಭೂತಗನ್ನಡಿ, ಕಿವಿಯ ಸಂದಿಯಲ್ಲಿ ಪೆನ್ಸಿಲು.

"ನಿನ್ನ ಸೋ… ಸೋಲ್ಡರು ಎಚ್ಚರ ಇದ್ಯಾ ನೋಡ್ಕೋ ಮೊದ್ಲು."

"ನನ್ನ ಸೋಲ್ಡರಿಗೆ ಕೈಮುಗಿಬೇಕು ನೀನು." ಹಾಗೆಂದವನು ಅವಳನ್ನೇ ನೋಡುತ್ತ ಉಳಿದ. ಅವಳು ತಲೆಯೆತ್ತಿದ ಕೂಡಲೇ ಸ್ಕ್ರೂಡ್ರೈವರ್ ಹುಡುಕುವವನಂತೆ ಬಗ್ಗಿದ. ಸ್ಕ್ರೂಡ್ರೈವರ್ ಅವನ ಕೈಯಲ್ಲೇ ಇತ್ತು.

ಬುರುಡೆಯೊಳಗೆ ಎರಡು ಚಿಪ್. ಪ್ರಶ್ನೆ ಕೇಳುವ ಚಿಪ್ ಒಂದು, ನೀರನ್ನು ಅಳೆದು ಉತ್ತರ ಹೇಳುವ ಚಿಪ್ ಇನ್ನೊಂದು. ನಡುವೆ ಎರಡೇ ತಂತಿ. ಒಂದರಲ್ಲಿ ಕೇಳುವ ಚಿಪ್ ತಾಳ ಹಾಕುತ್ತದೆ, ಇನ್ನೊಂದರಲ್ಲಿ ಆ ತಾಳಕ್ಕೆ ಸರಿಯಾಗಿ, ತಾಳಕ್ಕೊಂದರಂತೆ, ಉತ್ತರ ಬರುತ್ತದೆ. ಮಾತು ಮುಗಿದ ಮೇಲೆ ಎರಡು ತಂತಿಯೂ ಮೇಲೆದ್ದು ನಿಲ್ಲಬೇಕು. ಆದರೆ ಬುರುಡೆ ಮೂಕವಾದಾಗಲೆಲ್ಲ ಉತ್ತರದ ತಂತಿ ಕೆಳಗೇ ಬಿದ್ದಿರುತ್ತಿತ್ತು, ಯಾರೋ ಜಗ್ಗಿ ಹಿಡಿದ ಹಾಗೆ.

ಹಿಂದಿನ ವಾರ ಲೀತ್ ಬುರುಡೆ ಬಿಚ್ಚಿ ಸೋಲ್ಡರಿನ ಬೆಸುಗೆಯನ್ನೆಲ್ಲ ಮತ್ತೆ ಹಾಕಿದ್ದ, ಚಿಪ್ಪನ್ನೇ ಬದಲಿಸಿ ಮತ್ತೆ ಸೀಲ್ ಮಾಡಿದ್ದ. ಯಾವುದರಿಂದಲೂ ಪ್ರಯೋಜನವಾಗಿರಲಿಲ್ಲ.

ಟ್ಯಾಮ್ಸಿನ್ ಬೇರೇನೂ ಮಾಡದೆ ಪರದೆಯ ಮುಂದೆ ಕೂತು ಆ ಎರಡು ತಂತಿಗಳ ಗೆರೆಗಳನ್ನು ನೋಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅದು ಅವಳ ಕಣ್ಣೆದುರೇ ನಡೆಯಿತು. ಉಪಗ್ರಹಕ್ಕೆ ಸುದ್ದಿ ಕಳಿಸುವ ರೇಡಿಯೋ ಚಾಲೂ ಆಗಿ ಬ್ಯಾಟರಿಯಿಂದ ಒಮ್ಮೆಗೇ ಕರೆಂಟ್ ಎಳೆಯಿತು. ಕೇಳುವ ಚಿಪ್ ಕ್ಷಣಕಾಲ ಸತ್ತು ಮತ್ತೆ ಹುಟ್ಟಿತು. ಅಳೆಯುವ ಚಿಪ್ಪಿಗೆ ಲೀತ್ ಬೇರೆ ಪುಟ್ಟ ಬ್ಯಾಟರಿ ಕೊಟ್ಟಿದ್ದರಿಂದ ಅದಕ್ಕೆ ಏನೂ ಗೊತ್ತಾಗಲಿಲ್ಲ. ಅದು ಅರ್ಧ ಉತ್ತರ ಹೇಳಿ, ಮುಂದಿನ ತಾಳಕ್ಕಾಗಿ ತಂತಿ ಹಿಡಿದುಕೊಂಡು ನಿಂತಿತ್ತು. ಹೊಸದಾಗಿ ಹುಟ್ಟಿದ ಚಿಪ್ಪಿಗೆ ತಾನು ಪ್ರಶ್ನೆ ಕೇಳಿದ್ದೇ ನೆನಪಿಲ್ಲ. ತಂತಿ ಬಿಡುವಾಗಲಿ ಎಂದು ಅದೂ ಕಾಯುತ್ತಿತ್ತು.

"ಲೀತ್, ಸಿ… ಸಿಕ್ತು."

ಅವನು ಅವಳ ಕುರ್ಚಿಯ ಹಿಂದೆ ಬಂದು ನಿಂತು ಬಗ್ಗಿ ನೋಡಿದ. ಅವನ ಅಂಗಿಯಿಂದ ಸುಟ್ಟ ಅಂಟಿನ ವಾಸನೆ ಬರುತ್ತಿತ್ತು. ಶುಕ್ರವಾರದ ನಂತರ ಈ ವಾಸನೆಯೂ ಇರುವುದಿಲ್ಲ ಎಂದುಕೊಂಡಳು.

"ಅಯ್ಯೋ, ಇಷ್ಟೇನಾ! ಅಳೆಯೋ ಚಿಪ್ಪಿನ ಕರೆಂಟ್ ಕಿತ್ತು ಮತ್ತೆ ಕೊಟ್ರಾಯ್ತು. ಬುರುಡೆ ಬಿಚ್ತೀನಿ, ಒಂದು ತಂತಿ ಎಳೀತೀನಿ."

"ಬೇಡ. ಬಿಚ್ಚಿದ್ರೆ ಸೀಲ್ ಒಣಗಕ್ಕೆ ಟೈಮಿಲ್ಲ. ಅದಕ್ಕೆ ಸು… ಸು…"

"ಸುಮ್ನೆ ರೀಸೆಟ್ ಕೊಡೋಣ ಅಂತೀಯ. ಆದ್ರೆ ಅದಕ್ಕೆ ರೀಸೆಟ್ ಪಿನ್ನೇ ಇಲ್ವಲ್ಲ."

ಅವಳ ತಲೆ ಆಡಲು ಶುರುವಾಗಿತ್ತು. ಆದರೆ ಈ ಸಲ ತಡೆದಳು. ಕೈ ಎತ್ತಿ ಅವನ ಮುಖದ ಮುಂದೆ ಹಿಡಿದಳು.

"ನೀನು ಮು… ಮುಗಿಸ್ಬೇಡ. ನಾನೇ ಹೇಳ್ತೀನಿ."

ಲೀತ್ ಬಾಯಿ ಮುಚ್ಚಿದ. ಅವಳಿಗೆ ತುಂಬ ಹೊತ್ತು ಹಿಡಿಯಿತು. "ಅದನ್ನ ಏನೂ ಕೇ… ಕೇಳ್ಬಾರ್ದು. ಸು… ಸುಮ್ನೆ ತಾಳ ಹಾಕ್ಬೇಕು. ಜಾಸ್ತಿ ಅಂದ್ರೆ ಒಂಬತ್ತು ಸಲ. ಉಳಿದಿದ್ದನ್ನ ಅದು ಹೇಳಿ ಮುಗಿಸಿದ್ರೆ ತಾನೇ ತಂತಿ ಬಿಡತ್ತೆ."

ಲೀತ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ಅವಳು ಕೋಡ್ ಬರೆದು ಬುರುಡೆಯ ಹೊರಗಿನ ಸಾಕೆಟ್ಟಿನಿಂದ ಒಳಗೆ ಕಳಿಸಿದಳು. ಬೇಕೆಂದೇ ಉತ್ತರದ ನಡುವೆ ಕೇಳುವ ಚಿಪ್ಪನ್ನು ಕೊಂದಳು. ಉತ್ತರದ ಗೆರೆ ಕೆಳಗೆ ಬಿತ್ತು. ತಾಳ ಒಂದೊಂದಾಗಿ ಹೋಯಿತು. ಗೆರೆ ಮೆಲ್ಲಗೆ ಮೇಲೆದ್ದು ನಿಂತಿತು.

"ಭಲೇ," ಎಂದು ಲೀತ್ ಪಿಸುಗುಟ್ಟಿದ. ಅವನ ಕಣ್ಣು ಮಾತ್ರ ಪರದೆಯ ಮೇಲಿರಲಿಲ್ಲ.

ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ ಎಂದು ಟ್ಯಾಮ್ಸಿನ್‌ಗೆ ಅನಿಸಿತು. "ಜನವರೀಲಿ ನೀನು ಕೇಳಿದ್ಯಲ್ಲ. ಅದನ್ನೂ ನಾನು ಮುಗಿಸಿರ್ಲಿಲ್ಲ."

ಅವನು ಬೆಂಚಿನ ಅಂಚನ್ನು ಹಿಡಿದುಕೊಂಡ.

"ನೀನು ಹೋದ್ರೆ ನಂಗೆ ಇ… ಇಲ್ಲಿ ಇರೋಕಾಗಲ್ಲ. ಈ ಬೆಂಚಲ್ಲಿ ಕೂರೋಕಾಗಲ್ಲ. ಹೋ… ಹೋಗ್ಬೇಡ ಅಂತ ಹೇಳಕ್ಕೆ ಹೊರಟಿದ್ದೆ. ನಂಗೆ ನೀನಂದ್ರೆ ಅಷ್ಟು ಇಷ್ಟ."

ಲೀತ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಕೈ ತೆಗೆದಾಗ ಕಣ್ಣು ಕೆಂಪಾಗಿತ್ತು. "ನಾನು ಯಾಕೆ ಮುಗಿಸ್ದೆ ಗೊತ್ತಾ? ನಿಂಗೆ ಕಷ್ಟ ಆಗ್ಬಾರ್ದು ಅಂತಲ್ಲ. ನೀನೆಲ್ಲಿ ನಾನು ಬೇಡ ಅಂದ್ಬಿಡ್ತೀಯೋ ಅನ್ನೋ ಭಯ. ನಿನ್ನ ಬಾಯಿಂದ ಕೇಳೋಕಿಂತ ನಾನೇ ಹೇಳ್ಕೊಂಡ್ರೆ ನೋವು ಕಮ್ಮಿ ಅಂದ್ಕೊಂಡೆ."

"ಪೆದ್ದ."

"ಹೂಂ. ಶುದ್ಧ ಪೆದ್ದ."

ಅವನು ಅವಳ ಕೈ ಹಿಡಿದ. ಹೋಗುವುದು ತಪ್ಪುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆ ದ್ವೀಪದ ಠಾಣೆಯಲ್ಲಿ ವರ್ಷ ಕಳೆದ ತಂತ್ರಜ್ಞ ಈ ಹಡಗಿಗಾಗಿ ಕಾಯುತ್ತಿದ್ದ. ಲೀತ್ ಹೋಗದಿದ್ದರೆ ಅವನಿಗೆ ಮನೆಗೆ ಬರುವ ದಾರಿಯಿಲ್ಲ. ಒಬ್ಬರಿಗೊಬ್ಬರು ಸಿಕ್ಕ ದಿನವೇ ಅವರಿಬ್ಬರೂ ಕೂತು ಲೀತ್ ಕೊಂಡೊಯ್ಯಬೇಕಾದ ಉಣ್ಣೆಯ ಕಾಲುಚೀಲಗಳ ಬಗ್ಗೆ ಮಾತಾಡಿದರು.

ಶುಕ್ರವಾರ ಕಟ್ಟೆಯ ಮೇಲೆ ತುಂತುರು ಬೀಳುತ್ತಿತ್ತು. ಬುರುಡೆ ಕ್ರೇನಿನಲ್ಲಿ ತೂಗಾಡುತ್ತ ಮೇಲೆ ಹೋಯಿತು. ಗ್ಲೆನಿಸ್ ಲೀತ್‌ನ ಬೆನ್ನು ತಟ್ಟಿ ದೂರ ಸರಿದು ನಿಂತಳು. ಮೇಲಿನಿಂದ ಯಾರೋ ಕೂಗಿದರು, "ಲೀತ್, ಹತ್ತಪ್ಪಾ ಬೇಗ, ಏಣಿ ಎತ್ತಬೇಕು!"

"ಕಾಯ್ತೀಯಾ, ಟ್ಯಾಮ್?" ಎಂದು ಅವನು ಕೇಳಿದ.

ಅವಳು ಬಾಯಿ ತೆರೆದಳು. ಮಾತು ಸಿಕ್ಕಿಕೊಂಡಿತು, ಹಿಂದೆಂದೂ ಇಲ್ಲದಷ್ಟು. ತಲೆಯಾಡಿಸಿದ್ದರೆ ಮುಗಿದೇ ಹೋಗುತ್ತಿತ್ತು, ಅವನು ನಗುತ್ತ ಹತ್ತಿಬಿಡುತ್ತಿದ್ದ. ಮೇಲಿನಿಂದ ಮತ್ತೆ ಕೂಗು ಬಂತು, ಈ ಸಲ ಬೈಗುಳ ಸಮೇತ. ಲೀತ್ ತಿರುಗಿಯೂ ನೋಡಲಿಲ್ಲ. ಏಣಿಯ ಮೊದಲ ಮೆಟ್ಟಿಲ ಮೇಲೆ, ನೆನೆಯುತ್ತ, ಅವಳ ತುಟಿಯನ್ನೇ ನೋಡುತ್ತ ನಿಂತ.

"ಮಾ… ಮಾತು ಕೊಡಲ್ಲ ಲೀತ್. ಒಂದು ವರ್ಷ ಒಬ್ಳೇ ಇದ್ದು ನಾನು ಏನಾಗ್ತೀನೋ ನಂಗೆ ಗೊತ್ತಿಲ್ಲ. ಆದ್ರೆ ನೀನು ಬರೋ ದಿನ ಇ… ಇದೇ ಕಟ್ಟೆ ಮೇಲೆ ಇರ್ತೀನಿ. ಏನಾಗಿದ್ರೂ ಆವತ್ತು ನಾನೇ ಬಂದು ಹೇಳ್ತೀನಿ."

ಅವನ ಮುಖ ಸಣ್ಣಗಾಯಿತು. ಅವನು ಕೇಳಬಯಸಿದ್ದು ಇದಲ್ಲ. ಆದರೂ ಕೊನೆಯವರೆಗೂ ಕೇಳಿದ. ಅವಳ ಒದ್ದೆ ಹಣೆಗೆ ತುಟಿಯೊತ್ತಿ, ಒಂದೂ ತಮಾಷೆ ಮಾಡದೆ, ಮೇಲೆ ಹತ್ತಿ ಹೋದ.