ಸೇತುವೆ ಅಳಿಸಿದ ಮಾಸ್ತರು

"ಯಾರ್ರೀ ನೀವು? ನಮ್ಮ ಸೇತುವೆ ಯಾಕ ಅಳಿಸಿದ್ರಿ?"

ಮೌನೇಶ್ವರಿ ಸಿಟ್ಟಿನಿಂದ ಇಷ್ಟು ಟೈಪ್ ಮಾಡಿ ಕಳಿಸಿಬಿಟ್ಟಳು.

ಆಕೆ ತುರ್ವಿಹಾಳದ ಆಸ್ಪತ್ರೆಯಲ್ಲಿ ನರ್ಸ್. ಕಾಲುವೆಯಾಚೆ ಗದ್ದೆಗಳ ನಡುವೆ ಚದುರಿಕೊಂಡ ಕ್ಯಾಂಪು ಎನ್ನುವ ಸಣ್ಣ ಸಣ್ಣ ವಸತಿಗಳಿಗೆ ಹೋಗುವ ದಾರಿಯನ್ನು ಯಾವ ಮೊಬೈಲೂ ತೋರಿಸುತ್ತಿರಲಿಲ್ಲ. ಹೋದ ವರ್ಷ ಆಂಬುಲೆನ್ಸ್ ದಾರಿ ತಪ್ಪಿ ಸುತ್ತಾಡುತ್ತಿದ್ದಾಗ, ಇತ್ತ ಒಬ್ಬ ಹೆಣ್ಣುಮಗಳು ಟ್ರ್ಯಾಕ್ಟರಿನಲ್ಲೇ ಹೆತ್ತಿದ್ದಳು. ತಾಯಿ, ಕೂಸು ಇಬ್ಬರೂ ಉಳಿದದ್ದು ಪುಣ್ಯ!

ಅಂದೇ ಮೌನೇಶ್ವರಿ ಇಂಟರ್‌ನೆಟ್ಟಿನಲ್ಲಿ ಹುಡುಕಿ, ಯಾರು ಬೇಕಾದರೂ ಗೆರೆ ಎಳೆದು ದಾರಿ ಸೇರಿಸಬಹುದಾದ ಒಂದು ಉಚಿತ ನಕ್ಷೆಯನ್ನು ಕಂಡುಕೊಂಡಳು. ಡ್ಯೂಟಿ ಮುಗಿದ ಮೇಲೆ ಸ್ಕೂಟಿಯಲ್ಲಿ ಸುತ್ತಿ, ಒಂದೊಂದೇ ದಾರಿ ಸೇರಿಸುತ್ತ ಬಂದಳು.

ಈಗ ಲಿಂಗಸುಗೂರಿನ ಸಂಗನಬಸವ ಎಂಬ ಯಾರೋ ಒಬ್ಬ ಅವಳು ಸೇರಿಸಿದ್ದ ಕಾಲುವೆ ಸೇತುವೆಯನ್ನೇ ನಕ್ಷೆಯಿಂದ ಅಳಿಸಿಬಿಟ್ಟಿದ್ದ!

ಉತ್ತರ ಬಂತು. "ಮ್ಯಾಲಿಂದ ಸ್ಯಾಟಲೈಟ್ ತೆಗೆದ ಫೋಟೋದಾಗ ಅಲ್ಲಿ ಸೇತುವೆನ ಇಲ್ರೀ, ಬರೀ ನೀರು ಐತಿ. ಅದನ್ನ ನಂಬಿ ಯಾರರ ಗಾಡಿ ಹೊಡದ್ರ?"

"ಕಟ್ಟಿ ಆರು ತಿಂಗಳಾತು. ನಿಮ್ಮ ಫೋಟೋ ಹಳೇದು. ಕಣ್ಣಿದ್ರ ಬಂದು ನೋಡ್ರಿ!"

ಅವನು ನಿಜವಾಗಿ ಬರುತ್ತಾನೆಂದು ಆಕೆ ಎಣಿಸಿರಲೇ ಇಲ್ಲ.

ಭಾನುವಾರ ಬೆಳಿಗ್ಗೆ ಮೆಸೇಜು. "ಸೇತುವೆ ಮ್ಯಾಗ ನಿಂತೀನ್ರಿ."

ಓಡೋಡಿ ಹೋದಳು. ಎತ್ತರದ ಆಳು, ತಲೆತುಂಬ ಧೂಳು, ಕೈಯಲ್ಲಿ ಹೆಲ್ಮೆಟ್ಟು. ಸೇತುವೆಯ ಕಟ್ಟೆಯನ್ನು ಅಂಗೈಯಿಂದ ಬಡಿದು ನೋಡುತ್ತಿದ್ದ.

"ಗಟ್ಟಿ ಐತ್ರೀ," ಅಂದ. "ನಂದ ತಪ್ಪಾತು."

ಆಕೆಯ ಎದುರಿಗೇ ಮೊಬೈಲು ತೆಗೆದು ಸೇತುವೆಯನ್ನು ಮತ್ತೆ ನಕ್ಷೆಗೆ ಸೇರಿಸಿದ. ತಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ ಎಂದ. ಬೈಯಲು ಸಿದ್ಧಮಾಡಿಕೊಂಡು ಬಂದ ಮಾತೆಲ್ಲ ಮೌನೇಶ್ವರಿಗೆ ಮರೆತೇಹೋಯಿತು. 'ಇಷ್ಟಕ್ಕಾಗಿ ಅಷ್ಟು ದೂರದಿಂದ ಬಂದನಾ...?'

ಆಮೇಲೆ ಪ್ರತಿ ಭಾನುವಾರ ಅವನು ಬಂದ. ಅವರಿಬ್ಬರೂ ದಾರಿ ನೋಡಿ ಬರೆದರೆ, ಮುಖ ನೋಡದ ಜನ ಎಲ್ಲೆಲ್ಲಿಂದಲೋ ಕೈಜೋಡಿಸಿದರು. ಧಾರವಾಡದ ನಿವೃತ್ತ ಪೋಸ್ಟ್‌ಮಾಸ್ತರ್ ವಿರೂಪಾಕ್ಷಪ್ಪ ಊರಿನ ಹೆಸರುಗಳ ಕಾಗುಣಿತ ತಿದ್ದಿದರು. ಕೇರಳದ ಕಾಲೇಜು ಹುಡುಗಿಯೊಬ್ಬಳು ಕಾಲುವೆಗಳನ್ನು ಬರೆದಳು. ಜರ್ಮನಿಯ ಅಜ್ಜಿಯೊಬ್ಬರು ದಿನವೂ ಕೂತು ಸ್ಯಾಟಲೈಟ್ ಫೋಟೋ ನೋಡಿ ಒಂದೊಂದೇ ಮನೆಯ ಸೂರು ಗುರುತು ಹಾಕಿದರು.

"ಆ ಅಜ್ಜಿಗೆ ನಮ್ಮ ಗೊರೇಬಾಳ ಕ್ಯಾಂಪು ಯಾಕ ಬೇಕ್ರೀ?" ಮೌನೇಶ್ವರಿ ಬೆರಗಾಗಿ ಕೇಳಿದಳು.

"ನಾನೂ ಕೇಳಿದ್ದೆ. 'ಅಲ್ಲಿ ಮಂದಿ ಅದಾರಲ್ಲ' ಅಂದ್ರು."

ಅಂದು ಗದ್ದೆಯ ಬದುವಿನಲ್ಲಿ ಪಕ್ಕಪಕ್ಕ ನಡೆಯುವಾಗ ಅವನ ತೋಳು ತನಗೆ ತಾಗಿದ್ದು, ತಾನು ಸರಿಯದೇ ಇದ್ದದ್ದು... ಆಕೆಗೆ ವಾರವಿಡೀ ನೆನಪಾಗುತ್ತಿತ್ತು.

ಅಷ್ಟರಲ್ಲಿ ಒಂದು ದಿನ ಪೇಪರಿನಲ್ಲಿ ಸುದ್ದಿ ಬಂತು. 'ಕ್ಯಾಂಪುಗಳಿಗೆ ದಾರಿ ತೋರಿದ ಏಕಾಂಗಿ ಶಿಕ್ಷಕ!' ಸಂಗನಬಸವನ ದೊಡ್ಡ ಫೋಟೋ.

ಏಕಾಂಗಿ?! ಅಜ್ಜಿ ಎಲ್ಲಿ? ವಿರೂಪಾಕ್ಷಪ್ಪ ಎಲ್ಲಿ? ಬಿಸಿಲಲ್ಲಿ ಸುತ್ತಿ ಸುತ್ತಿ ಕಪ್ಪಾದ ತಾನೆಲ್ಲಿ?

ಹೆಸರು ಬಾರದ್ದಕ್ಕಿಂತ, ಅವನು ಇಂಥವನೇ ಎಂಬುದು ಆಕೆಯನ್ನು ಹೆಚ್ಚು ಸುಟ್ಟಿತು. ಅವನ ನಂಬರನ್ನು ಬ್ಲಾಕ್ ಮಾಡಿದಳು. ಆ ಭಾನುವಾರ ಊರಲ್ಲೇ ಇರದೆ ಸಿಂಧನೂರಿನ ಚಿಕ್ಕಮ್ಮನ ಮನೆಗೆ ಹೋದಳು. ಅಲ್ಲಿ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತಳು.

ಮೂರು ವಾರ ಕಳೆದವು.

ಒಂದು ಮಧ್ಯಾಹ್ನ ಕಾಲುವೆಯಾಚೆಯ ಹುಸೇನ್‌ಬೀಗೆ ಹೆರಿಗೆ ನೋವು. ಕೂಸು ಅಡ್ಡವಾಗಿತ್ತು, ಸಿಂಧನೂರಿಗೆ ಕರೆದೊಯ್ಯಲೇಬೇಕಿತ್ತು. ಮನೆಯಲ್ಲಿ ಆಕೆಯ ಕೈ ಹಿಡಿದು ಕೂತ ಮೌನೇಶ್ವರಿಗೆ ಹೋದ ವರ್ಷದ ಟ್ರ್ಯಾಕ್ಟರೇ ಕಣ್ಣ ಮುಂದೆ. 'ದೇವರೇ, ಈ ಸಲ ದಾರಿ ತಪ್ಪದಿರಲಿ...'

ಸೈರನ್ ಕೇಳಿಸಿತು! ಇಪ್ಪತ್ತೇ ನಿಮಿಷಕ್ಕೆ!

ಸಂಜೆ ಹೊತ್ತಿಗೆ ಸಿಂಧನೂರಿನ ಆಸ್ಪತ್ರೆಯಲ್ಲಿ ಹುಸೇನ್‌ಬೀಯ ಮಗಳು ಊರೆಲ್ಲ ಕೇಳುವಂತೆ ಅಳುತ್ತಿದ್ದಳು. ಹೊರಗೆ ಬಂದ ಮೌನೇಶ್ವರಿ ಡ್ರೈವರ್ ಖಾದರಬಾಷಾನನ್ನು ಕೇಳಿದಳು. "ಖಾದರಣ್ಣ, ಅಷ್ಟು ಜಲ್ದಿ ಹೆಂಗ ಬಂದ್ರಿ?"

"ನಿಮ್ಮ ನಕ್ಷೆ ನೋಡ್ಕೊಂಡ ಬಂದೆ ಸಿಸ್ಟರ್. ಸಂಗನಬಸವ ಮಾಸ್ತರು ಬಂದು ನಮ್ಮ ಡ್ರೈವರ್‌ಗಳ ಫೋನಿಗೆಲ್ಲ ಹಾಕಿಕೊಟ್ಟಾರ. 'ಮೌನೇಶ್ವರಿ ಸಿಸ್ಟರ್ ಖುದ್ದು ಓಡಾಡಿ ನೋಡಿದ ದಾರಿ, ಬೇಫಿಕರ್ ಹೋಗ್ರಿ' ಅಂದ್ರು."

"ಪೇಪರ್‌ದಾಗ ಹಂಗ ಹೇಳಿಲ್ಲಲ್ಲ?"

"ಅಯ್ಯ, ಪೇಪರಿನವರು ಬಂದಾಗ ನಾ ಅಲ್ಲೇ ಇದ್ನಲ್ಲ! ಚೀಟಿದಾಗ ಹದಿನಾರು ಹೆಸರು ಬರದು ಕೊಟ್ಟಿದ್ರು. ನಿಮ್ದ ಮೊದಲನೇದು. ಜಾಗ ಸಾಲಲಿಲ್ಲ ಅಂತ ಪೇಪರಿನವರ ತೆಗೆದಾರ."

ಮೌನೇಶ್ವರಿ ಗೋಡೆಗೆ ಒರಗಿದಳು. ನಕ್ಷೆ ತೆರೆದು, ಅವನು ಸೇರಿಸಿದ ಒಂದೊಂದು ದಾರಿಯ ಕೆಳಗಿನ ಟಿಪ್ಪಣಿ ಓದಿದಳು. 'ಮಾಹಿತಿ: ಮೌನೇಶ್ವರಿ.' ಎಲ್ಲ ಕಡೆಯೂ ಅದೇ. ತಾನು ಅವನನ್ನು ಬ್ಲಾಕ್ ಮಾಡಿದ ಮೇಲೆ ಸೇರಿಸಿದ ದಾರಿಗಳಲ್ಲೂ... ಅದೇ!

'ಒಂದು ಮಾತು ಕೇಳಬಾರದಿತ್ತಾ ನಾನು?' ಕಣ್ಣೊರೆಸಿಕೊಂಡು ಅವನ ನಂಬರಿನ ಬ್ಲಾಕ್ ತೆಗೆದು, 'ಮಸ್ಕಿಗೆ ಬರ್ತೀರೇನ್ರಿ?' ಎಂದು ಮೆಸೇಜು ಕಳಿಸಿದಳು.

ಶನಿವಾರ ಮಧ್ಯಾಹ್ನ ಮಸ್ಕಿ ಬಸ್ ಸ್ಟ್ಯಾಂಡು. ಅವನು ಲಿಂಗಸುಗೂರಿನಿಂದ, ಆಕೆ ತುರ್ವಿಹಾಳದಿಂದ ಬಂದಿದ್ದರು. ನಡುವೆ ಎರಡು ಗ್ಲಾಸ್ ಚಹಾ.

"ನಿಮ್ಮ ಮಾತು ಕೇಳದನ ನಾನ ಎಲ್ಲಾ ತೀರ್ಮಾನ ಮಾಡಿಬಿಟ್ಟೆ. ಸಿಟ್ಟು ಬಂದಿಲ್ಲೇನ್ರಿ?"

"ಬರ್ಲಿ ಅಂತ ಭಾಳ ನೋಡಿದೆ," ಅವನು ಚಹಾ ನೋಡುತ್ತ ಹೇಳಿದ. "ಬರಲಿಲ್ಲ. ನಿಮ್ಮ ನೆನಪ ಬಂತು."

ಆಕೆಗೆ ಇನ್ನು ತಡೆಯಲಾಗಲಿಲ್ಲ.

"ಅವ್ವ ನಿಮ್ಮನ್ನ ನೋಡಬೇಕಂತಾಳ."

"ನನ್ನ ಬಗ್ಗೆ ಏನಂತ ಹೇಳೀರಿ?"

"ನಾ ಮದುವಿ ಆಗೋ ಹುಡುಗ ಅಂತ."

ಗ್ಲಾಸಿನ ಚಹಾ ತುಳುಕಿ ಅವನ ಅಂಗಿಯ ಮೇಲೆ ಬಿತ್ತು. "ನನ್ನ... ನನ್ನ ಕೇಳದನ?"

"ಈಗ ಕೇಳಾಕತ್ತೀನಲ್ರೀ... ಒಲ್ಲೆ ಅಂತೀರೇನು?"

ಅವನು ಮುಖವೆಲ್ಲ ನಗುವಾಗಿ, ತುರ್ವಿಹಾಳದ ಕಡೆಯ ಬಸ್ಸಿನತ್ತ ಕೈ ಮಾಡಿದ.

"ಬಸ್ ಬಂತು. ಅವ್ವ ಕಾಯ್ತಿರಬೇಕು... ನಡಿ."

ಮೌನೇಶ್ವರಿ ತಟ್ಟನೆ ನಿಂತಳು. "ಏನಂದ್ರಿ?"

"ನಡಿ ಅಂದೆ."

"ಇನ್ನೊಮ್ಮೆ ಅನ್ರಿ."

ಅವನು ಆಕೆಯ ಕೈ ಹಿಡಿದುಕೊಂಡ. "ನಡಿ, ಮೌನಾ."